ಓದುವವರು ಹೋದ ಮೇಲೆ ಕೊಂಡ ಸ್ಕ್ಯಾನರು

ಅಂದು ಕೊಟ್ಟೂರಿನ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ಇಪ್ಪತ್ತಾರು ಪುಟ ನಕಲು ಮಾಡಿದೆವು. ನಮ್ಮವರು ಓದಿದರು, ನಾನು ಬರೆದೆ. ತತ್ವಪದಗಳ ಹಳೆಯ ಕೈಬರಹದ ಪುಸ್ತಕ ಅದು. ಮಧ್ಯಾಹ್ನ ಮನೆಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ನಮ್ಮವರು ನಾಲ್ಕು ಮೆಣಸಿನಕಾಯಿ ತಿಂದು, "ಓದೋ ಗಂಟಲಿಗೆ ಇದಽ ಔಷಧ" ಎಂದರು. ಆ ಮನೆಯ ಮುದುಕರು, "ನಾಕು ಗುಳಿಗಿ ನುಂಗಿದ್ರಿ, ರೋಗ ದೊಡ್ಡದಽ ಇರಬೇಕು ಬಿಡ್ರಿ" ಎಂದು ನಕ್ಕರು. ನಾಲ್ಕೂವರೆಗೆ ಪುಸ್ತಕ ಮುಚ್ಚಿ ಹರಪನಹಳ್ಳಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದರು. ನಾನು ಬೆರಳಿನ ಮಸಿ ಉಜ್ಜಿಕೊಳ್ಳುತ್ತ ಕುಳಿತಿದ್ದೆ. ಆ ದಿನದಲ್ಲಿ ಬೇರೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದವರು ಒಗೆಯುವ ಕಲ್ಲಿನ ಮೇಲೆ ಕುಳಿತರು. ಮತ್ತೆ ಏಳಲಿಲ್ಲ.

ನಮ್ಮವರ ಹೆಸರು ಕೊಟ್ರೇಶಪ್ಪ. ನಾನು ಶಾಂತಮ್ಮ. ಹರಪನಹಳ್ಳಿಯ ಒಂದು ಸಣ್ಣ ಗ್ರಂಥಸಂಗ್ರಹದಲ್ಲಿ ನಾವಿಬ್ಬರೂ ನಕಲುಗಾರರಾಗಿದ್ದೆವು. ಹಳ್ಳಿಯ ಮನೆಗಳಲ್ಲಿ ಉಳಿದಿರುವ ಹಳೆಯ ಪುಸ್ತಕಗಳನ್ನು, ಅಂದರೆ ಬಯಲಾಟದ ಕಥೆಗಳು, ತತ್ವಪದಗಳು, ದನಕರುಗಳ ಔಷಧಿ ಬರೆದಿಟ್ಟ ವಹಿಗಳು, ಇವನ್ನೆಲ್ಲ ಅಲ್ಲೇ ಕುಳಿತು ನಕಲು ಮಾಡಿ ತರುವುದು ನಮ್ಮ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಸುತ್ತಲೇ ನಮ್ಮ ನೌಕರಿ ಮುಗಿಯಿತು. ಈಗ ಈ ಕೆಲಸಕ್ಕೆ ಹೊಸಬರು ಬಂದಿದ್ದಾರೆ. ಯಾವ ಸ್ಕ್ಯಾನರು ಕೊಳ್ಳಬೇಕು ಎಂದು ನನ್ನನ್ನು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ನಮಗೆ ಎರಡು ಸಲ ಬಂತು. ಅದರಿಂದ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ, ಹಾಗಾಗಿ ಅದನ್ನು ಬಿಡುತ್ತೇನೆ.

ಒಬ್ಬರೇ ನೋಡಿಕೊಂಡು ಬರೆದರೆ ಕಣ್ಣು ಪುಸ್ತಕದಿಂದ ಹಾಳೆಗೆ, ಹಾಳೆಯಿಂದ ಪುಸ್ತಕಕ್ಕೆ ಓಡಾಡಿ ಸಾಲು ತಪ್ಪುತ್ತದೆ. ಇಬ್ಬರಾದರೆ ತಪ್ಪುವುದಿಲ್ಲ. ಅದಕ್ಕೇ ನಮ್ಮನ್ನು ಜೋಡಿಯಾಗಿ ತೆಗೆದುಕೊಂಡಿದ್ದರು. ನಮ್ಮವರಿಗೆ ಹಳೆಯ ಮೋಡಿ ಲಿಪಿಯ ಅಕ್ಷರಗಳೂ ಓದಲು ಬರುತ್ತಿದ್ದವು. ನನಗೆ ಬರುತ್ತಿದ್ದದ್ದು ದುಂಡಗೆ ಬರೆಯುವುದು ಮಾತ್ರ.

ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ನಾವು ಮೊದಲ ಪಾಠ ಕಲಿತೆವು. ಬಯಲಾಟದ ಪುಸ್ತಕ ಓದುತ್ತಿದ್ದಾಗ, ಪಕ್ಕದಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ ಮನೆಯ ಯಜಮಾನ ಮಧ್ಯೆ ಮಧ್ಯೆ ತಡೆಯತೊಡಗಿದ.

"ಅಲ್ಲಿ ಹಂಗಿಲ್ಲ. ನಮ್ಮಪ್ಪ ಹಾಡ್ತಿದ್ದದ್ದು ಬ್ಯಾರೆ ಐತಿ."

"ಪುಸ್ತಕದಾಗ ಹಿಂಗಽ ಐತಲ್ರಿ" ಎಂದರು ನಮ್ಮವರು.

"ಪುಸ್ತಕ ಬರದಾನ ಯಾರು? ನಮ್ಮಪ್ಪ. ಹಾಡಿದಾನ ಯಾರು? ನಮ್ಮಪ್ಪ. ಬರಿಯಾಗ ತೂಕಡಿಸ್ಯಾನ, ಹಾಡುವಾಗ ಎಚ್ಚರಿದ್ದ. ಯಾವುದು ಖರೆ ನೀವಽ ಹೇಳ್ರಿ."

ಆಮೇಲೆ ಇಬ್ಬರೂ ಕೂಡಿ ಒಂದು ನಿಯಮ ಮಾಡಿಕೊಂಡೆವು. ಪುಸ್ತಕದಲ್ಲಿ ಇರುವುದನ್ನು ಮಸಿಯಲ್ಲಿ ಬರೆಯಬೇಕು. ಬಾಯಲ್ಲಿ ಇರುವುದನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು. ಎರಡನ್ನೂ ಕೂಡಿಸಬಾರದು. ಈ ನಿಯಮವನ್ನು ನೀವೂ ಇಟ್ಟುಕೊಳ್ಳಿ.

ಝೆರಾಕ್ಸ್ ಬಂದಾಗ ನಮ್ಮ ಸಾಹೇಬರು ಶಿವಣ್ಣನವರಿಗೆ ಬಹಳ ಉತ್ಸಾಹ. ಒಳ್ಳೆಯ ಮನುಷ್ಯ, ಆದರೆ ಯಾವ ಹೊಸ ಯಂತ್ರ ಬಂದರೂ ಅದರ ಮೇಲೆ ಪ್ರೀತಿ. ಅವರ ಒತ್ತಾಯಕ್ಕೆ ಕೂಡ್ಲಿಗಿಯಲ್ಲಿ ಒಂದು ಮನೆಯವರನ್ನು ಒಪ್ಪಿಸಿ ಪುಸ್ತಕವನ್ನು ಪೇಟೆಯ ಅಂಗಡಿಗೆ ಒಯ್ದೆವು. ಅಂಗಡಿಯವನು ಪುಸ್ತಕವನ್ನು ಬೋರಲು ಹಾಕಿ ಮುಚ್ಚಳ ಒತ್ತಿದ. ಹೊಲಿಗೆ ಬಿಚ್ಚಿ, ಬೆನ್ನು ಮುರಿದು, ಹಾಳೆಗಳು ಎರಡು ಕಟ್ಟಾದವು. ತಿರುಗಿ ಕೊಡಲು ಹೋದಾಗ ಆ ಮನೆಯ ತಾಯಿ ಬೈಯಲಿಲ್ಲ. ಎರಡು ಕಟ್ಟುಗಳನ್ನೂ ಸೆರಗಿನಲ್ಲಿ ತೆಗೆದುಕೊಂಡು, "ಹೊಸ್ತಿಲ ದಾಟಿಸಬಾರದಿತ್ತು ನಾನು" ಎಂದಷ್ಟೇ ಹೇಳಿದಳು. ಅಂದಿನಿಂದ ಪುಸ್ತಕವನ್ನು ಹೊಸ್ತಿಲು ದಾಟಿಸುವುದನ್ನು ಬಿಟ್ಟೆವು, ಮತ್ತೆ ಕೈಬರಹಕ್ಕೇ ಬಂದೆವು.

ನಮ್ಮವರು ಹೋದಾಗ ನನ್ನ ನೌಕರಿ ಇನ್ನೂ ಒಂದು ವರ್ಷದ ಮೇಲಿತ್ತು. ತಿಂಗಳು ಕಳೆದು ಕಚೇರಿಗೆ ಹೋದಾಗ ಶಿವಣ್ಣನವರು ನನಗೆ ತೊಂದರೆಯಾಗಬಾರದೆಂದು ಓದಲು ಒಬ್ಬ ನಿವೃತ್ತ ಮೇಷ್ಟರನ್ನು ಗೊತ್ತು ಮಾಡಿಟ್ಟಿದ್ದರು. ಮೇಷ್ಟರು ಚೆನ್ನಾಗಿಯೇ ಓದುತ್ತಿದ್ದರು. ಆದರೆ ಅವರು ಓದಿದ್ದು ನನ್ನ ಕಿವಿಗೆ ಬೀಳುತ್ತಿತ್ತು, ಕೈಗೆ ಇಳಿಯುತ್ತಿರಲಿಲ್ಲ. ಒಂದೇ ಪುಟದಲ್ಲಿ ಹನ್ನೊಂದು ತಪ್ಪು ಮಾಡಿದೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮೇಷ್ಟರೇ, "ತಂಗೀ, ನಾನು ಕುಂತ ಜಾಗ ಸರಿ ಇಲ್ಲ ಅನ್ನಿಸ್ತೈತಿ" ಎಂದರು. ಅವರು ನೊಂದುಕೊಂಡು ಹೇಳಿದ ಮಾತಲ್ಲ. ಮರುದಿನದಿಂದ ಬರಲಿಲ್ಲ.

ಆಗ ಸಾಹೇಬರು, "ಹಂಗಾದ್ರೆ ಮಷೀನು ತಗೊಳ್ಳಾಣ" ಎಂದರು. ನನಗೆ ಒಳಗೊಳಗೇ ಹಗುರವಾಯಿತು. ಯಂತ್ರ ಬಂದರೆ ಆ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುವುದಿಲ್ಲ.

ಫೋನಿನಲ್ಲೇ ಫೋಟೋ ತೆಗೆಯಬಹುದಲ್ಲ ಎಂದು ನೀವು ಕೇಳುತ್ತೀರಿ. ಸಾಹೇಬರೂ ಕೇಳಿದರು. ಅಷ್ಟರಲ್ಲೇ ಹಗರಿಬೊಮ್ಮನಹಳ್ಳಿಯ ಒಂದು ಮನೆಯಲ್ಲಿ ಯಾರೋ ನೆಂಟರು ಬಯಲಾಟದ ಪುಸ್ತಕದ ಪುಟಗಳನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿ, ಪಕ್ಕದೂರಿನವರು ಅದನ್ನು ನೋಡಿ ಆ ಕಥೆಯನ್ನೇ ಆಡಿ ಜಗಳವಾಗಿತ್ತು. ಸುದ್ದಿ ಸುತ್ತಲೂ ಹಬ್ಬಿ, ಪುಸ್ತಕವಿದ್ದ ಮನೆಗಳಲ್ಲೆಲ್ಲ "ಫೋನ್ ಹೊರಗಿಟ್ಟು ಒಳಗ ಬರ್ರಿ" ಎನ್ನತೊಡಗಿದ್ದರು. ಆದ್ದರಿಂದ ನಮಗೆ ಬೇಕಾಗಿದ್ದದ್ದು ಕೈಯಲ್ಲಿ ಹಿಡಿಯುವ, ಎಲ್ಲಿಗೂ ಏನನ್ನೂ ಕಳಿಸಲು ಬಾರದ ಒಂದು ಸ್ಕ್ಯಾನರು.

ಹೊಸಪೇಟೆಯ ಕಂಪ್ಯೂಟರ್ ಅಂಗಡಿಗೆ ಸಾಹೇಬರ ಜೊತೆ ಹೋದೆ. ಅಂಗಡಿಯಲ್ಲಿದ್ದ ಹೆಣ್ಣುಮಗಳು ಎರಡು ಬಗೆ ತೋರಿಸಿದಳು. ಒಂದು ಪೆನ್ನಿನಂಥದು. ಸಾಲಿನ ಮೇಲೆ ಎಳೆದುಕೊಂಡು ಹೋದರೆ ಅಕ್ಷರಗಳು ಕಂಪ್ಯೂಟರಿನಲ್ಲಿ ಬರುತ್ತವೆ. ಸಾಹೇಬರು ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ನೋಡಿ, "ಇದೇ ಆಗ್ಲಿ, ಎಷ್ಟು ಚೆಂದ ಐತೆ" ಎಂದರು. ನಾನು ಚೀಲದಿಂದ ಹಳೆಯ ಕೈಬರಹದ ಒಂದು ಬಿಡಿ ಹಾಳೆ ತೆಗೆದು, "ಇದರ ಮ್ಯಾಲ ಎಳದು ತೋರಸವ್ವ" ಎಂದೆ. ಎಳೆದಳು. ಅದರ ಕಿಂಡಿ ಒಂದು ಅಚ್ಚಿನ ಸಾಲಿನಷ್ಟೇ ಅಗಲ. ನಮ್ಮ ಹಾಳೆಯ ಒತ್ತಕ್ಷರಗಳು ಕಿಂಡಿಗೆ ಸಿಗದೆ ಕೆಳಗೆ ಉಳಿದವು, ಮೇಲಿನ ಗುಡಿಸು ಏತ್ವಗಳು ಮೇಲೆ ಉಳಿದವು. ಪರದೆಯ ಮೇಲೆ ಬಂದದ್ದನ್ನು ನೋಡಿ ಸಾಹೇಬರು, "ಇದು ಯಾವ ಭಾಷೆ?" ಎಂದು ಕೇಳಿದರು. ಆ ಹೆಣ್ಣುಮಗಳು, "ಸರ್, ಇದು ಅಚ್ಚಿನ ಇಂಗ್ಲೀಷಿಗೆ ಛಲೋ ಅದ. ನಿಮ್ಮ ಪುಸ್ತಕ ನನಗಽ ಓದಾಕ ಬರವಲ್ದು, ಇದರ ಹಣೇಬರ ಏನು" ಎಂದಳು. ಸಾಹೇಬರು ಪೆನ್ನನ್ನು ಜೇಬಿನಿಂದ ಮನಸ್ಸಿಲ್ಲದೆ ತೆಗೆದುಕೊಟ್ಟರು.

ಇನ್ನೊಂದು ಬಗೆ ಒಂದು ಗೇಣಿಗಿಂತ ತುಸು ಉದ್ದದ ಪಟ್ಟಿ. ಅಡಿಯಲ್ಲಿ ಸಣ್ಣ ಗಾಜಿನ ಗೆರೆ, ಎರಡು ರಬ್ಬರಿನ ಗಾಲಿ. ಅದನ್ನು ಪುಟದ ತಲೆಯಿಂದ ಕಾಲಿನ ತನಕ ಒಂದೇ ಸಮನೆ ಜಾರಿಸಿದರೆ ಪುಟವೆಲ್ಲ ಚಿತ್ರವಾಗಿ ಒಳಗಿನ ಕಾರ್ಡಿನಲ್ಲಿ ಕೂರುತ್ತದೆ. ಇದರಲ್ಲಿ ಎರಡು ತರಹ ಇದ್ದವು. ಒಂದಕ್ಕೆ ತೆಗೆದ ಪುಟವನ್ನು ಅಲ್ಲೇ ನೋಡುವ ಸಣ್ಣ ಪರದೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಪರದೆ ಇಲ್ಲದ್ದನ್ನು ನಾನೇ ಆರಿಸಿದೆ. ಗುಂಡಿಗಳು ಕಡಿಮೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ನನ್ನಂಥವಳಿಗೆ ಇದೇ ಸಾಕು ಎಂದುಕೊಂಡೆ. ಆ ಆಯ್ಕೆಯ ಬೆಲೆ ಕೋಗಳಿಯಲ್ಲಿ ತಿಳಿಯಿತು.

ಕೋಗಳಿಯಲ್ಲಿ ಬಯಲಾಟ ಕಲಿಸುತ್ತಿದ್ದ ಒಬ್ಬ ಮಾಸ್ತರರಿದ್ದರು. ಅವರ ಕೈಬರಹದ ಪುಸ್ತಕ ನೂರಾ ಹನ್ನೆರಡು ಪುಟ. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಅವರು ಬದುಕಿರುವತನಕ ಯಾರಿಗೂ ತೋರಿಸಲಿಲ್ಲ. ಅವರು ತೀರಿ ಒಂದು ವರ್ಷವಾಗುತ್ತ ಬಂದಿತ್ತು. ನಮ್ಮ ಕಡೆ ಪೂಜೆಗಿಟ್ಟ ಪುಸ್ತಕ ಜೀರ್ಣವಾದರೆ ಸುಡುವುದಿಲ್ಲ, ರದ್ದಿಗೆ ಹಾಕುವುದಿಲ್ಲ, ಹೊಳೆಗೆ ಬಿಡುತ್ತಾರೆ. ಮಾಸ್ತರರ ಹೆಂಡತಿ ಹುಲಿಗೆಮ್ಮ, ವರ್ಷದ ಎಡೆ ಮುಗಿಸಿದ ದಿನ ಪುಸ್ತಕವನ್ನು ಹೊಳೆಗೆ ಬಿಡುವುದಾಗಿ ಗಂಡನಿಗೆ ಮಾತು ಕೊಟ್ಟಿದ್ದರಂತೆ. ಸೊಸೆ ಗಂಗಮ್ಮ ನನಗೆ ಫೋನು ಮಾಡಿ, "ಸೋಮವಾರ ಹೊಳಿಗೆ ಹೋಗ್ತೈತಿ. ಅಷ್ಟರಾಗ ಬಂದು ಬರಕೊಳ್ರಿ. ಅತ್ತಿ ಒಪ್ಯಾಳ, ಫೋಟೋ ಮಾತ್ರ ಬ್ಯಾಡ ಅಂತಾಳ" ಎಂದಳು. ನಾವಿಬ್ಬರೂ ಇದ್ದಿದ್ದರೆ ಕೈಯಿಂದ ಬರೆಯಲು ಐದಾರು ದಿನ ಬೇಕಿತ್ತು. ಉಳಿದದ್ದು ಮೂರು ದಿನ.

ಶನಿವಾರ ಹೋದೆ. ಸ್ಕ್ಯಾನರನ್ನು ತೋರಿಸಿ, ಇದು ಯಾರಿಗೂ ಏನೂ ಕಳಿಸುವುದಿಲ್ಲ ಎಂದೆ. ಹುಲಿಗೆಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಲಟ್ಟಣಗಿ ಇದ್ದಂಗ ಐತಲ್ಲವ್ವ, ಇದೇನು ಚಾಡಿ ಹೇಳೀತು" ಎಂದರು. ಪುಸ್ತಕ ಬಿಚ್ಚುವ ಮೊದಲು ಪೂಜೆ ಆಗಬೇಕು. ನಾನು ಕೈಕಾಲು ತೊಳೆಯಲು ಹೋದೆ. ಗಾಜಿಗೆ ಗೀರು ಬೀಳದಿರಲಿ ಎಂದು ಸ್ಕ್ಯಾನರನ್ನು ಅಂಗಾತ ಇಟ್ಟು ಹೋಗಿದ್ದೆ. ಬಂದು ನೋಡಿದಾಗ ಪುಸ್ತಕಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಆಗಿತ್ತು. ನಾನೂ ಕೈಮುಗಿದು ಕೆಲಸಕ್ಕೆ ಕುಳಿತೆ.

ಸಂಜೆಯೊಳಗೆ ನೂರಾ ಹನ್ನೆರಡು ಪುಟ ಮುಗಿಯಿತು. ಜೋರಾಗಿ ಎಳೆದರೆ ಕೆಂಪು ದೀಪ ಹತ್ತುತ್ತಿತ್ತು, ಅಂಥ ಪುಟವನ್ನು ಮತ್ತೆ ತೆಗೆದೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನಕ್ಕೆ ಅಷ್ಟು ಕೆಲಸ ನಾನು ಎಂದೂ ಮಾಡಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ನಿದ್ದೆ ಹೋದೆ.

ಭಾನುವಾರ ಕಚೇರಿ ತೆಗೆಸಿ ಕಂಪ್ಯೂಟರಿಗೆ ಹಾಕಿದೆವು. ಮೊದಲ ಪುಟದ ನಟ್ಟನಡುವೆ ತಲೆಯಿಂದ ಕಾಲಿನ ತನಕ ಮೂರು ಅಗಲವಾದ ಬಿಳಿ ಪಟ್ಟಿ. ಪಟ್ಟಿ ಬಿದ್ದಲ್ಲಿ ಒಂದಕ್ಷರವೂ ಇಲ್ಲ. ಎರಡನೆಯ ಪುಟದಲ್ಲೂ ಅಷ್ಟೇ, ನೂರಾ ಹನ್ನೆರಡನೆಯ ಪುಟದಲ್ಲೂ ಅಷ್ಟೇ. ಸಾಹೇಬರು ಸ್ಕ್ಯಾನರನ್ನು ತಿರುಗಿಸಿ ನೋಡಿದರು. ಗಾಜಿನ ಗೆರೆಯ ಮೇಲೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ. ಪುಸ್ತಕಕ್ಕೆ ಹಚ್ಚುವಾಗ ಆ ಮನೆಯವರು ಇದಕ್ಕೂ ಹಚ್ಚಿಬಿಟ್ಟಿದ್ದರು. ಅಂಗಾತ ಇದ್ದದ್ದರಿಂದ ಅದು ಸರಿಯಾಗಿ ಯಂತ್ರದ ಗಾಜಿನ ಕಣ್ಣಿಗೇ ಬಿದ್ದಿತ್ತು. ಪರದೆ ಇರುವುದನ್ನು ಕೊಂಡಿದ್ದರೆ ಮೊದಲ ಪುಟದಲ್ಲೇ ತಿಳಿಯುತ್ತಿತ್ತು.

ಸಾಹೇಬರು ಬೈಯಲಿಲ್ಲ. "ಶಾಂತಮ್ಮ, ಮಷೀನಿಗೆ ಹಣೆ ಯಾವುದು ಅಂತ ಅವರಿಗೆ ಹೆಂಗ್ ಗೊತ್ತಾಗ್ಬೇಕು" ಎಂದರು. ನಗು ಬರಬೇಕಿತ್ತು, ನನಗೆ ಅಳು ಬಂತು. ಗಂಡ ಸತ್ತಾಗ ಕಚೇರಿಯಲ್ಲಿ ಅಳದವಳು ಅಂದು ಅಲ್ಲಿ ಅತ್ತೆ. ಗಂಗಮ್ಮನಿಗೆ ಫೋನು ಮಾಡಿದರೆ ಎತ್ತಲಿಲ್ಲ, ಎಡೆಯ ಕೆಲಸದಲ್ಲಿ ಇದ್ದಿರಬೇಕು.

ಸೋಮವಾರ ಮೊದಲ ಬಸ್ಸು ಹಿಡಿದು, ಗಾಜು ಒರೆಸಿದ ಸ್ಕ್ಯಾನರನ್ನೂ ಕಚೇರಿಯ ಲ್ಯಾಪ್‌ಟಾಪನ್ನೂ ಚೀಲದಲ್ಲಿಟ್ಟುಕೊಂಡು ಕೋಗಳಿಗೆ ಹೋದೆ. ಬಾಗಿಲ ಮುಂದೆ ಕ್ರೂಸರ್ ನಿಂತಿತ್ತು. ಎಡೆ ಮುಗಿದಿತ್ತು. ಹುಲಿಗೆಮ್ಮ ಗಾಡಿಯೊಳಗೆ ಕುಳಿತಾಗಿತ್ತು, ತೊಡೆಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಪುಸ್ತಕ. ನಾನು ನಡೆದದ್ದನ್ನು ಮುಚ್ಚದೆ ಹೇಳಿದೆ.

ಹುಲಿಗೆಮ್ಮ ಸೊಸೆಯ ಕಡೆ ತಿರುಗಿದರು. "ಲಟ್ಟಣಗಿಗೆ ಇಬತ್ತಿ ಹಚ್ಚಿದಾಕಿ ಯಾರು?"

"ನಾನಽ" ಎಂದಳು ಗಂಗಮ್ಮ. "ಪುಸ್ತಕದ ಕೂಡ ಕುಂತಿತ್ತು. ಅದೊಂದನ್ನಽ ಬಿಟ್ಟರ ಬೇಸರ ಮಾಡ್ಕೊಂಡೀತು ಅಂತ ಹಚ್ಚಿದೆ."

"ನಿನ್ನ ಗಂಡನ ಟಿವಿಗೂ ಹಚ್ಚೀಯಽ, ಅದಕ್ಕಽ ಅದು ಮಬ್ಬಾಗೈತಿ" ಎಂದರು ಹುಲಿಗೆಮ್ಮ. ಆಮೇಲೆ ನನ್ನನ್ನು ನೋಡಿ, "ಇನ್ನ ಒಳಗ ತರಂಗಿಲ್ಲವ್ವ. ಎಡಿ ಮಾಡಿ ಹೊಸ್ತಿಲ ದಾಟಿದ್ದು ತಿರುಗಿ ಮನಿ ಸೇರಬಾರದು" ಎಂದರು.

ಕೂಡ್ಲಿಗಿಯಲ್ಲಿ ಹಾಗಾದ ಮೇಲೆ ಹೊಸ್ತಿಲ ಮಾತಿಗೆ ಎದುರು ಹೇಳುವ ಬಾಯಿ ನನಗಿರಲಿಲ್ಲ. ಹುಲಿಗೆಮ್ಮನ ಕಣ್ಣು ನನ್ನ ಬರಿಯ ಹಣೆಯ ಮೇಲೆ ಬಿತ್ತು. "ಓದ್ತಿದ್ದರಲ್ಲ, ನಿಮ್ಮ ಮನೆಯಾರು, ಅವರು ಹೋಗಿ ಎಷ್ಟು ದಿನ ಆತು?" ಎಂದು ಕೇಳಿದರು.

"ಹನ್ನೊಂದು ತಿಂಗಳು."

"ಹಂಗಾರ ನಿಂದೂ ವರ್ಷ ಮುಗಿದಿಲ್ಲ." ಸೀಟಿನಲ್ಲಿ ಪಕ್ಕಕ್ಕೆ ಸರಿದರು. "ಹತ್ತು. ಮನಿಯಾಗ ಬ್ಯಾಡ ಅಂದೆ. ಹೊಳಿ ದಂಡಿಗೆ ಯಾವ ಹೊಸ್ತಿಲ ಐತಿ?"

ಹಡಗಲಿ ಕಡೆಯ ಹೊಳೆಯ ದಂಡೆಗೆ ಹೋಗಿ ಇಳಿದಾಗ ಬಿಸಿಲು ಏರಿತ್ತು. ಪೂಜೆಗೆಂದು ತಂದಿದ್ದ ಮಣೆಯನ್ನು ಚಪ್ಪಟೆ ಬಂಡೆಯ ಮೇಲಿಟ್ಟು, ಅದರ ಮೇಲೆ ಕೆಂಪು ವಸ್ತ್ರ ಹಾಸಿ, ಒಂದೊಂದೇ ಹಾಳೆ ಇಟ್ಟೆವು. ಹೊಲಿಗೆ ಎಂದೋ ಹೋಗಿ ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು, ಬರಹ ಒಂದೇ ಮಗ್ಗುಲಿಗಿತ್ತು. ಗಂಗಮ್ಮ ಗಾಳಿಗೆ ಅಡ್ಡವಾಗಿ ಸೀರೆ ಹಿಡಿದು ನಿಂತಳು. ಓದು ಬಾರದ ಹುಲಿಗೆಮ್ಮ ಹಾಳೆಯ ಎರಡು ಮೂಲೆ ಒತ್ತಿ ಹಿಡಿದರು. ಎರಡು ಪುಟ ತೆಗೆದ ಕೂಡಲೇ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಅಕ್ಷರಗಳು ಪೂರ್ತಿ ಇದ್ದವು. ಹುಲಿಗೆಮ್ಮ ಪರದೆಗೆ ಮುಖವಿಟ್ಟು ನೋಡಿ, "ಅವರ ಕೈಯಽ ಅದು" ಎಂದರು. ಓದು ಬಾರದಿದ್ದರೂ ಗಂಡನ ಅಕ್ಷರದ ಗುರುತು ಅವರಿಗಿತ್ತು.

ಡ್ರೈವರು ಎರಡು ಸಲ ಬಂದು, "ಆತೇನ್ರಿ?" ಎಂದು ಕೇಳಿದ. ಎರಡನೆಯ ಸಲ ಹುಲಿಗೆಮ್ಮ, "ಒಂದು ವರ್ಷ ಕಾದೈತಿ, ನಿನಗ ಒಂದು ತಾಸು ಆಗವಲ್ದು?" ಎಂದರು. ಹತ್ತು ಹತ್ತು ಪುಟಕ್ಕೊಮ್ಮೆ ನಿಲ್ಲಿಸಿ ಪರೀಕ್ಷೆ ಮಾಡಿದೆ. ಮೂರು ತಾಸಾಯಿತು. ಕೊನೆಗೆ ಹುಲಿಗೆಮ್ಮ ಹಾಳೆಗಳನ್ನೆಲ್ಲ ಕೂಡಿಸಿ ವಸ್ತ್ರದಲ್ಲಿ ಕಟ್ಟಿ, ಮೊಳಕಾಲು ಮಟ್ಟದ ನೀರಿಗೆ ಇಳಿದು ಬಿಟ್ಟರು. ಕಟ್ಟು ಸ್ವಲ್ಪ ದೂರ ತೇಲಿ ಮುಳುಗಿತು. "ಹಗುರಾತು ನೋಡು" ಎಂದರು. ನನಗೂ ಆಗಿತ್ತು. ಬುತ್ತಿ ಬಿಚ್ಚಿ ಮೂವರೂ ಅಲ್ಲೇ ಉಂಡೆವು.

ನಿವೃತ್ತಿಗೆ ಮುಂಚೆ ಪರದೆ ಇರುವ ಸ್ಕ್ಯಾನರನ್ನು ಕೊಡಿಸಿ ಬಂದೆ. ನೀವು ಕೊಳ್ಳುವಾಗ ಅಂಗಡಿಯವರ ಹಾಳೆಯ ಮೇಲೆ ಪರೀಕ್ಷೆ ಮಾಡಬೇಡಿ, ನಿಮ್ಮ ಅತಿ ಕೆಟ್ಟ ಹಾಳೆಯನ್ನು ಒಯ್ದು ಅದರ ಮೇಲೆ ಎಳೆದು ನೋಡಿ. ಗಾಲಿಯ ರಬ್ಬರು ಮೆತ್ತಗಿರಲಿ, ಗಟ್ಟಿ ರಬ್ಬರು ಹಳೆಯ ಹಾಳೆಯನ್ನು ಎಳೆದು ಹರಿಯುತ್ತದೆ. ಮನೆಯವರು ಪೂಜೆ ಮಾಡುತ್ತೇವೆ ಎಂದರೆ ಬೇಡ ಎನ್ನಬೇಡಿ, ಯಂತ್ರದ ಬೆನ್ನು ತೋರಿಸಿ. ಪುಸ್ತಕ ಬಿಟ್ಟು ಏಳುವ ಮೊದಲು ಪ್ರತಿ ಪುಟವನ್ನೂ ಕಣ್ಣಿಟ್ಟು ನೋಡಿ.

ಈ ಕೊನೆಯ ಮಾತನ್ನು ನಾನೇ ಪೂರ್ತಿ ಪಾಲಿಸಲಿಲ್ಲ. ಈಗ ಬಿಡುವಿದೆ, ಕೋಗಳಿಯ ಪುಸ್ತಕವನ್ನು ಪರದೆಯ ಮೇಲೆ ಇಟ್ಟುಕೊಂಡು ದಿನಕ್ಕೆ ಒಂದೆರಡು ಪುಟ ಕೈಯಿಂದ ಬರೆಯುತ್ತಿದ್ದೇನೆ. ಮೊನ್ನೆ ಎಂಬತ್ತೊಂದನೆಯ ಪುಟಕ್ಕೆ ಬಂದೆ. ಅಲ್ಲಿ ಹುಳು ತಿಂದ ಒಂದು ತೂತಿದೆ. ದಂಡೆಯ ಬಿಸಿಲಿನಲ್ಲಿ ಅದನ್ನು ನಾನು ಗಮನಿಸಿರಲಿಲ್ಲ. ತೂತಿನಲ್ಲಿ ಮಣೆಯ ಮೇಲೆ ಹಾಸಿದ್ದ ವಸ್ತ್ರದ ಕೆಂಪು ಕಾಣುತ್ತದೆ. ನಮ್ಮವರಿದ್ದಿದ್ದರೆ ಹಿಂದಿನ ಮುಂದಿನ ಸಾಲನ್ನು ನಾಲ್ಕು ಸಲ ಹಾಡಿ, ಧಾಟಿಗೆ ಕೂರುವ ಮಾತು ಹುಡುಕಿ ಹೇಳುತ್ತಿದ್ದರು, ನಾನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹುಲಿಗೆಮ್ಮನನ್ನು ಕೇಳಿದೆ, ಅವರಿಗೆ ಆ ಪದ ಬಾರದಂತೆ. ಮಾಸ್ತರರ ಕೈಕೆಳಗೆ ಆಡಿದವರು ಇಬ್ಬರು ಉಳಿದಿದ್ದಾರೆ, ಅವರಿಗೂ ನೆನಪಿಲ್ಲ. ನೂರಾ ಹನ್ನೊಂದು ಪುಟ ಪೂರ್ತಿ ಇವೆ. ಎಂಬತ್ತೊಂದನೆಯ ಪುಟದ ಕೆಳಭಾಗದಲ್ಲಿ ಒಂದೂವರೆ ಸಾಲು ಇಲ್ಲ.